ಟೇಬಲ್ ಮೇಲಿನ ಹಿಮಾಲಯ

ದೊಡ್ಡಬಳ್ಳಾಪುರದ ಶಾಲೆಯಲ್ಲಿ ನನ್ನ ಪಕ್ಕದ ಕೋಣೆಯಲ್ಲಿ ಸಮಾಜ ಪಾಠ ಮಾಡುತ್ತಿದ್ದ ಮೇಷ್ಟ್ರು ಬೆಲ್ ಹೊಡೆದರೂ ನಿಲ್ಲಿಸುತ್ತಿರಲಿಲ್ಲ. ಯಾರಾದರೂ ಅವಸರ ಮಾಡಿದರೆ ಅಂಗೈ ಎತ್ತಿ, "ತಡ್ಕೊಳ್ರಪ್ಪಾ, ಬೆಟ್ಟಕ್ಕೇನು ಆತುರ?" ಎನ್ನುತ್ತಿದ್ದರು.

ಅವರ ಹೆಂಡತಿ ಮನೆಯಲ್ಲಿ ಮಗ್ಗ ನಡೆಸುತ್ತಿದ್ದರು. ಒಂದು ಬೆಳಿಗ್ಗೆ, ಶಾಲೆಯ ದಾರಿಯಲ್ಲಿ ಅಂಗಡಿಗೆ ಕೊಡಿ ಎಂದು ಹೊಸ ರೇಷ್ಮೆ ಸೀರೆಗಳ ಗಂಟೊಂದನ್ನು ಸ್ಕೂಟರಿನಲ್ಲಿಟ್ಟು ಕಳಿಸಿದರು. ಅವತ್ತಿನ ಪಾಠ ಪರ್ವತಗಳು ಹುಟ್ಟುವ ಬಗೆ. ಮೇಷ್ಟ್ರ ಕೈ ಸುಮ್ಮನಿರುತ್ತದೆಯೇ?

ಮಕ್ಕಳ ಕೂಗು ಕೇಳಿ ನಾನು ಇಣುಕಿದಾಗ ಸೀರೆಗಳೆಲ್ಲ ಗಂಟಿನಿಂದ ಹೊರಬಂದು ಟೇಬಲ್ ಮೇಲೆ ಒಂದರ ಮೇಲೊಂದು ಹಾಸಿಕೊಂಡಿದ್ದವು. "ಇವು ಬಂಡೆ ಪದರ. ಎರಡೂ ಕಡೆಯಿಂದ ಮೆಲ್ಲಗೆ ತಳ್ರೋ." ಪದರಗಳು ಒಟ್ಟಿಗೆ ಮಡಿಕೆಯಾಗಿ ಮೇಲೆದ್ದವು. "ನೋಡಿ, ಹಿಮಾಲಯ!"

ಹುಡುಗಿಯೊಬ್ಬಳು ಜೋರಾಗಿ ತಳ್ಳಿದಳು. ಮೇಲಿನ ಸೀರೆಗಳು ಕೆಳಗಿನವುಗಳ ಮೇಲೆ ಸರ್ರನೆ ಜಾರಿದವು. ಮೇಷ್ಟ್ರು ಕುಣಿದೇಬಿಟ್ಟರು. "ಸ್ತರಭಂಗ! ಬಂಡೆ ಸೀಳ್ಕೊಂಡು ಹಿಂಗೇ ಜಾರೋದು ಕಣ್ರೋ!"

ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು. ಮದುವೆಯವರು ಬಂದು ಕಾಯುತ್ತಿದ್ದಾರೆಂದು ಅಂಗಡಿಯಿಂದ ಫೋನ್ ಬಂದಿತ್ತಂತೆ. ಮೇಷ್ಟ್ರು ಅಂಗೈ ಎತ್ತುವ ಮುಂಚೆಯೇ ಆಕೆ ಅಂದರು, "ಬೆಟ್ಟಕ್ಕೆ ಆತುರ ಇಲ್ಲ, ಗೊತ್ತು. ಮದುವೆ ಹೆಣ್ಣಿಗೆ ಐತೆ. ಮೊದ್ಲು ಮಡಚಿ!"

ಇಡೀ ತರಗತಿ ಮಡಚಲು ನಿಂತಿತು. ಒಂದು ಸುಕ್ಕೂ ಉಳಿಯದಂತೆ ಆಕೆ ಕೈಯಿಂದ ಸವರಿ ಸವರಿ ಗಂಟಿನಲ್ಲಿಟ್ಟರು. ಗಂಟು ಬಿಗಿಯುವ ಹೊತ್ತಿಗೆ ಆಕೆಯ ಕೈ ನಿಂತಿತು.

"ಅಲ್ಲಾ ರೀ, ಆ ಜಾರಿದ್ದು ನಂಗೆ ಸರಿಯಾಗಿ ಕಾಣ್ಲಿಲ್ಲ. ಇನ್ನೊಂದ್ಸಲ ತೋರಿಸ್ತೀರಾ?"