ದಾಕಿನ ಬೊಳ್ಳಪ್ಪನವರ ಒದ್ದೆ ಬಟ್ಟೆ

ಬೊಳ್ಳಪ್ಪನವರು ತಾವು ನೀರು ಕುಡಿಯುವ ಮೊದಲು ತಮ್ಮ ಚೀಲಕ್ಕೆ ಕುಡಿಸುತ್ತಿದ್ದರು. ಅದನ್ನು ನೋಡಿ ನಗದವರು ಸುಂಟಿಕೊಪ್ಪದಲ್ಲಿ ಯಾರೂ ಇರಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು, ಅಲ್ಲಿಯ ಶಾಲೆಯ ಮೇಷ್ಟ್ರು.

ಆ ಚೀಲದೊಳಗೆ ಒಂದು ಬಿದಿರಿನ ಕೊಳವೆ. ಕೊಳವೆಯೊಳಗೆ ಒದ್ದೆ ಬಟ್ಟೆ, ಬಟ್ಟೆಯೊಳಗೆ ಸಿಡುಬು ಬಾರದಂತೆ ದಾಕು ಹಾಕುವ ರಸದ ಸಣ್ಣ ಗಾಜಿನ ನಳಿಗೆಗಳು. ಕೊಡಗು ಇನ್ನೂ ತನ್ನಷ್ಟಕ್ಕೆ ತಾನೇ ಒಂದು ರಾಜ್ಯವಾಗಿದ್ದ ದಿನಗಳವು. ದಾಕು ಹಾಕುವ ಸರ್ಕಾರಿ ನೌಕರರಾದ ಬೊಳ್ಳಪ್ಪನವರು ಮಡಿಕೇರಿಯಿಂದ ರಸ ತಂದು ಎಸ್ಟೇಟಿನಿಂದ ಎಸ್ಟೇಟಿಗೆ ನಡೆದು ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ಮಕ್ಕಳ ತೋಳು ಗೀರಿ ಹಚ್ಚುತ್ತಿದ್ದರು. ಎಂಟನೆಯ ದಿನ ಮತ್ತೆ ಹೋಗಿ ಗುಳ್ಳೆಯಾಗಿ ದಾಕು ಎದ್ದಿದೆಯೇ ಎಂದು ಪ್ರತಿ ತೋಳನ್ನೂ ನೋಡುತ್ತಿದ್ದರು. ಹಳ್ಳ ಸಿಕ್ಕಿದಲ್ಲೆಲ್ಲ ಕೊಳವೆ ತೆಗೆದು ಬಟ್ಟೆ ನೆನೆಸುತ್ತಿದ್ದರು. ಕೇಳಿದರೆ, “ಒಳಗಿರುವ ಅಮ್ಮನಿಗೆ ಸೆಕೆ ಆಗ್ಬಾರ್ದು” ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ಸಿಡುಬು ಬಂದು ಬದುಕಿದವರು ಅವರು. ಮುಖದ ತುಂಬ ಗುಳಿ. ಆ ರಸದ ವಿಷಯದಲ್ಲಿ ಅವರಿಗೆ ಭಯವೂ ಇತ್ತು, ಒಂದು ಥರದ ಸಲಿಗೆಯೂ ಇತ್ತು.

ನನಗೋ ಇಪ್ಪತ್ತೇಳು ವರ್ಷ, ಮೈಸೂರಿನಲ್ಲಿ ಓದಿ ಬಂದವನು, ತಿಳಿದದ್ದನ್ನು ಹೇಳದಿದ್ದರೆ ಹೊಟ್ಟೆ ಉಬ್ಬುತ್ತಿತ್ತು. ಒಂದು ಭಾನುವಾರ ಅವರ ಜಗಲಿಯಲ್ಲಿ ಕುಳಿತು, ಹಳೆಯ ಪತ್ರಿಕೆಯೊಂದರಲ್ಲಿ ಓದಿದ್ದನ್ನು ಬಿಚ್ಚಿದೆ. ಹೊಗೆಸೊಪ್ಪಿನ ಗಿಡಕ್ಕೆ ಬರುವ ರೋಗದ ವೈರಸ್ಸನ್ನು ಅಮೆರಿಕದಲ್ಲಿ ಒಬ್ಬರು ಸಕ್ಕರೆಯ ಹಾಗೆ ಹರಳುಗಟ್ಟಿಸಿದ್ದಾರೆ. ಅದು ತಿನ್ನುವುದಿಲ್ಲ, ಉಸಿರಾಡುವುದಿಲ್ಲ. ಸಿಡುಬಿನದೂ ವೈರಸ್ಸೇ.

“ಹಾಗಾದ್ರೆ ಇದಕ್ಕೆ ಜೀವ ಇಲ್ವಾ ಮಾಸ್ಟ್ರೆ?” ಎಂದರು.

“ಜೀವವೇ ಇಲ್ಲದ ಮೇಲೆ ಸಾಯೋದು ಎಲ್ಲಿಂದ? ಸಕ್ಕರೆ ಸಾಯ್ತದಾ? ನೀವು ಸುಮ್ಮನೆ ಬಟ್ಟೆ ನೆನೆಸಿ ನೆನೆಸಿ ಕೈ ಸವೆಸ್ತಾ ಇದ್ದೀರಿ.”

ಅವರ ಹೆಂಡತಿ ಹೊನ್ನಮ್ಮ ಕಾಫಿ ತಂದಿಟ್ಟರು. ಬೊಳ್ಳಪ್ಪನವರು ಲೋಟ ಹಿಡಿದುಕೊಂಡು ತಳದಲ್ಲಿ ಕರಗದೆ ಉಳಿದ ಸಕ್ಕರೆಯನ್ನೇ ನೋಡುತ್ತ ಕುಳಿತರು. ಗೆದ್ದೆ ಅಂದುಕೊಂಡು ನಾನು ಮನೆಗೆ ಹೋದೆ.

ಮರುದಿನ ಸೋಮವಾರ ಅವರು ಒಂದು ಎಸ್ಟೇಟಿನ ಲೈನಿಗೆ ಹೋದರು. ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಕಾಲ. ಪಕ್ಕದ ಎಸ್ಟೇಟಿನಲ್ಲಿ ಆಗಲೇ ಇಬ್ಬರಿಗೆ ಸಿಡುಬು ಎದ್ದಿತ್ತು. ದಾರಿಯಲ್ಲಿ ಅಕಾಲದ ಮಳೆ ಹಿಡಿದು ಅವರು ಪೂರ್ತಿ ನೆನೆದಿದ್ದರು. ಜವರಿ ಎಂಬ ಕೆಲಸದವಳ ಮನೆಯಲ್ಲಿ ಚೀಲ ಇಟ್ಟು, ಮಕ್ಕಳನ್ನು ಸೇರಿಸಲು ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಜೊತೆ ಲೈನು ಸುತ್ತಲು ಹೋದರು. ಕೊಡಗಿನಲ್ಲಿ ಒದ್ದೆಯಾದದ್ದು ಏನಿದ್ದರೂ, ಬೀಜವೋ ಕಂಬಳಿಯೋ ಬೆಂಕಿಪೊಟ್ಟಣವೋ, ಹೋಗುವ ಜಾಗ ಒಂದೇ: ಒಲೆಯ ಮೇಲಿನ ಬಿದಿರಿನ ಅಟ್ಟ. ಜವರಿ ಚೀಲ ಮುಟ್ಟಿದಳು, ಒದ್ದೆ. ಕೊಳವೆ ತೆಗೆದಳು, ಒಳಗಿನ ಬಟ್ಟೆಯೂ ಒದ್ದೆ. ಪಾಪ, ಎರಡನ್ನೂ ಅಟ್ಟಕ್ಕೆ ಕಟ್ಟಿ ಕೆಳಗೆ ಚೆನ್ನಾಗಿ ಉರಿ ಮಾಡಿದಳು.

ಎರಡು ಗಂಟೆ ಬಿಟ್ಟು ಬೊಳ್ಳಪ್ಪನವರು ಬಂದಾಗ, “ಎಲ್ಲಾ ವಣಗ್ಸಿಟ್ಟಿವ್ನಿ ಬುದ್ದಿ” ಎಂದು ಸಂತೋಷದಿಂದ ಕೈಗೆ ಕೊಟ್ಟಳು. ಬಟ್ಟೆ ಗರಿಗರಿಯಾಗಿತ್ತು. ನಳಿಗೆಗಳು ಮುಟ್ಟಿದರೆ ಬಿಸಿ.

ಹೊರಗೆ ಮೂವತ್ತನಾಲ್ಕು ಮಕ್ಕಳು ಸಾಲಾಗಿ ನಿಂತಿದ್ದವು. ಅವರ ತಾಯಂದಿರನ್ನು ಒಪ್ಪಿಸಲು ಎರಡು ವಾರ ಹಿಡಿದಿತ್ತು. ಇವತ್ತು ಬೇಡ ಎಂದರೆ ಮತ್ತೆ ಯಾರೂ ಬರುವುದಿಲ್ಲ. ಆದರೂ ಬೇರೆ ದಿನವಾಗಿದ್ದರೆ ಅವರು ಬೇಡವೆಂದೇ ತಿರುಗಿ ಹೋಗುತ್ತಿದ್ದರು. ಅಂದು ಅವರಿಗೆ ನನ್ನ ಸಕ್ಕರೆ ನೆನಪಾಯಿತು. ಮೂವತ್ತನಾಲ್ಕು ತೋಳನ್ನೂ ಗೀರಿದರು. ಕೊನೆಯದು ಜವರಿಯ ಐದು ವರ್ಷದ ಮಗಳು ಯಮುನಳದು. “ಇನ್ನು ಎಲ್ಲಿ ಬೇಕಾದ್ರೂ ಹೋಗು ಮಗಾ” ಎಂದು ಅವಳ ತಲೆ ಸವರಿದರಂತೆ.

ಮಂಗಳವಾರ ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ನಿಂತಿದ್ದರು. “ಮಾಸ್ಟ್ರೆ, ಸಕ್ಕರೆ ಕಾಯಿಸಿದ್ರೆ ಎಂಥ ಆಗ್ತದೆ?” ಎಂದು ಕೇಳಿದರು. “ಪಾಕ ಆಗ್ತದೆ” ಎಂದು ನಕ್ಕೆ. ಅವರು ನಗಲಿಲ್ಲ. ಸಂಜೆ ಮತ್ತೆ ಬಂದರು, ಬುಧವಾರ ಎರಡು ಸಲ ಬಂದರು. ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳರು. ಕಿಟಕಿಗೆ ಹೋಗುವುದು, ಬೋರ್ಡಿಗೆ ಬರುವುದು, ಎದುರಿಗೆ ಸಿಕ್ಕಿದ ಮಕ್ಕಳ ತೋಳಿನ ಹಳೆಯ ದಾಕಿನ ಕಲೆಯನ್ನು ಬೆರಳಲ್ಲಿ ಒತ್ತಿ ನೋಡುವುದು. ಆ ಸಂಜೆ ಹೊನ್ನಮ್ಮನೇ ನಮ್ಮ ಮನೆಗೆ ಬಂದರು. “ಮೂರು ದಿನ ಆತ್ ಮಾಸ್ಟ್ರೆ, ಸರಿ ಊಟ ಇಲ್ಲೆ. ಆ ರಸಕ್ಕೆ ಜೀವ ಉಟ್ಟಾ ಇಲ್ಲೆನಾ ಅಂತ ಒಬ್ಬರೇ ಮಾತಾಡ್ತೊಳೊ. ಎಂಥ ಹೇಳ್ದರಿ ನೀವು?”

ಗುರುವಾರ ಬೊಳ್ಳಪ್ಪನವರು ಬಂದು ಬಿಸಿ ನಳಿಗೆಯ ಕಥೆಯನ್ನೆಲ್ಲ ಹೇಳಿ, “ಆ ಪೇಪರು ಓದಿ, ನಾನು ಕೇಳ್ಬೇಕು” ಎಂದರು. ಪತ್ರಿಕೆ ಹುಡುಕಿ ತೆಗೆದೆ. ಲೇಖನ ಮುಂದಿನ ಪುಟಕ್ಕೂ ಹೋಗಿತ್ತು. ಆ ಪುಟ ನಾನು ತಿರುವಿಯೇ ಇರಲಿಲ್ಲ. ಹರಳಾಗಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುವ ಈ ವಸ್ತು ಎಲೆಯೊಳಗೆ ಹೊಕ್ಕ ಕೂಡಲೇ ಜೀವಿಯ ಹಾಗೆ ತನ್ನನ್ನು ತಾನು ಹೆಚ್ಚಿಸಿಕೊಳ್ಳುತ್ತದೆ, ಕಾಯಿಸಿದರೆ ಆ ಶಕ್ತಿ ಹೋಗುತ್ತದೆ, ಇದಕ್ಕೆ ಜೀವವಿದೆಯೋ ಇಲ್ಲವೋ ಎಂದು ಬಲ್ಲವರೇ ಇನ್ನೂ ಜಗಳವಾಡುತ್ತಿದ್ದಾರೆ ಎಂದು ಅಲ್ಲಿ ಬರೆದಿತ್ತು.

ಓದಿ ಮುಗಿಸುವಷ್ಟರಲ್ಲಿ ಅವರು ಕೊಡೆಯನ್ನು ಅಲ್ಲೇ ಬಿಟ್ಟು ಮಡಿಕೇರಿಯ ಬಸ್ಸಿಗೆ ಓಡಿದರು.

ಶುಕ್ರವಾರ ಹೊಸ ರಸದೊಂದಿಗೆ ಲೈನಿಗೆ ಹೋದರು. ನಾಲ್ಕು ದಿನವಾದರೂ ಒಂದು ತೋಳಿನಲ್ಲೂ ಗುಳ್ಳೆಯ ಸುಳಿವಿಲ್ಲ, ಗೀರು ಮಾತ್ರ ಒಣಗಿತ್ತು. “ನಾನು ಹಾಕಿದ್ದು ಸತ್ತ ದಾಕು, ತಪ್ಪು ನನ್ನದು” ಎಂದು ಎಲ್ಲರೆದುರು ಕೈಮುಗಿದರಂತೆ. ಹೇಗೆ ಸತ್ತಿತು ಎಂದು ರೈಟರು ಕೇಳಿದರು. ಜವರಿ ಅಲ್ಲೇ ನಿಂತಿದ್ದಳು. “ನಾನು ನೋಡಿಕೊಳ್ಳಲಿಲ್ಲ” ಎಂದಷ್ಟೇ ಹೇಳಿ ಮೂವತ್ತಮೂರು ಮಕ್ಕಳಿಗೆ ಮತ್ತೆ ಗೀರಿದರು.

ಮೂವತ್ತನಾಲ್ಕನೆಯವಳು ಇರಲಿಲ್ಲ. “ದಾಕ್ ಆಯ್ತಲ್ಲ ಅಂತ ಅವ್ರಪ್ಪ ಮಂಗ್ಳಾರ್ವೇ ಕರ್ಕೊಂಡ್ ವಾದ ಬುದ್ದಿ, ತಿತಿಮತಿಗೆ, ಅವ್ನ ತಂಗಿ ಮನ್ಗೆ” ಎಂದಳು ಜವರಿ. ತಿತಿಮತಿಯಲ್ಲಿ ಸಿಡುಬು ಇರುವುದು ಅವಳಿಗೆ ತಿಳಿದಿರಲಿಲ್ಲ. ಬೊಳ್ಳಪ್ಪನವರಿಗೆ ತಿಳಿದಿತ್ತು.

ಸಿಕ್ಕಿದ ಬಸ್ಸು, ಸಿಕ್ಕಿದ ಲಾರಿ, ಉಳಿದದ್ದು ನಡಿಗೆ. ದಾರಿಯುದ್ದಕ್ಕೂ ಬಟ್ಟೆ ನೆನೆಸುತ್ತ ಶನಿವಾರ ಮಧ್ಯಾಹ್ನ ಆ ಮನೆ ಮುಟ್ಟಿದರು. ಅತ್ತೆ ಸಿಡುಬೆದ್ದು ಚಾಪೆ ಹಿಡಿದಿದ್ದಳು, ಯಮುನ ಅವಳ ಪಕ್ಕದಲ್ಲೇ ಆಡುತ್ತಿದ್ದಳು. ತೋಳು ಗೀರಿ ರಸ ಹಚ್ಚಿ ಅಲ್ಲೇ ಕುಳಿತರು. ದಾಕು ಎದ್ದಿತು. ಆದರೆ ಅವಳ ಮೈಯೊಳಗೆ ಸಿಡುಬು ನಾಲ್ಕು ದಿನ ಮೊದಲೇ ಹೊರಟಿತ್ತು. ವಾರ ಕಳೆದು ಹುಡುಗಿಗೆ ಜ್ವರ ಬಂತು, ಮುಖದ ಮೇಲೆ ಗುಳ್ಳೆ ಎದ್ದವು. ಬೊಳ್ಳಪ್ಪನವರು ರಜೆಯನ್ನೂ ಬರೆಯದೆ ಇಪ್ಪತ್ತು ದಿನ ಬೇವಿನ ಸೊಪ್ಪು ಬೀಸುತ್ತ ಕೂತರು. ಹುಡುಗಿ ಬದುಕಿದಳು. ಒಂದು ಕಣ್ಣು ಹೋಯಿತು.

ವಿಚಾರಣೆ ನಡೆದದ್ದು ನಮ್ಮ ಶಾಲೆಯ ಕೋಣೆಯಲ್ಲೇ. ಮಡಿಕೇರಿಯಿಂದ ಬಂದ ಡಾಕ್ಟರು ಕೇಳಿದರು: “ಹದಿನೆಂಟು ವರ್ಷ ಸರ್ವಿಸ್ ಆದವರು ನೀವು. ರಸ ಬಿಸಿಯಾದ್ರೆ ಕೆಡ್ತದೆ ಅಂತ ಗೊತ್ತಿಲ್ವಾ? ಯಾರಾದ್ರೂ ಏನಾದ್ರೂ ಹೇಳಿದ್ರಾ?”

ನಾನು ಕುರ್ಚಿ ಹಾಕಲು ಬಂದವನು ಬಾಗಿಲ ಹತ್ತಿರವೇ ನಿಂತಿದ್ದೆ. ಬೊಳ್ಳಪ್ಪನವರು ನನ್ನ ಕಡೆ ನೋಡಲೂ ಇಲ್ಲ. “ಯಾರೂ ಹೇಳ್ಲಿಲ್ಲ ಸಾರ್. ನನ್ನ ತಲೆಗೆ ಹೋಗ್ಲಿಲ್ಲ” ಎಂದರು. ಒಂದು ಮಾತು, ಒಂದೇ ಒಂದು ಮಾತು ನಾನು ಆಡಬಹುದಿತ್ತು. ಆಡಲಿಲ್ಲ. ಅವರನ್ನು ಸಂಪಾಜೆಯ ಕಡೆಗೆ ವರ್ಗ ಮಾಡಿ ಹಾಕಿದರು. ಅಲ್ಲಿಯೂ ಹಳ್ಳ ಸಿಕ್ಕಿದಲ್ಲೆಲ್ಲ ಚೀಲಕ್ಕೆ ನೀರು ಕುಡಿಸುತ್ತಿದ್ದರು ಎಂದು ಕೇಳಿದ್ದೇನೆ. ಎದುರು ಹೋಗಿ ನೋಡುವ ಮುಖ ನನಗಿರಲಿಲ್ಲ. ನಾಲ್ಕು ವರ್ಷದ ಮೇಲೆ ಅಲ್ಲೇ ತೀರಿಕೊಂಡರು.

ಅವರು ಸಂಪಾಜೆಗೆ ಹೋದ ಮರುವರ್ಷ ಯಮುನ ನನ್ನ ತರಗತಿಗೆ ಬಂದಳು. ಜವರಿಯೇ ಕೈಹಿಡಿದು ತಂದು ಬಿಟ್ಟಳು. ಅಂದು ತಾನು ಚೀಲ ಒಣಗಿಸಿದ್ದರಿಂದಲೇ ದಾಕು ಸತ್ತದ್ದು ಎಂಬುದು ಆ ತಾಯಿಗೆ ಇವತ್ತಿಗೂ ಗೊತ್ತಿಲ್ಲ. ಜೀವ ಇರುವವು, ಜೀವ ಇಲ್ಲದವು ಎಂಬ ಪಾಠವನ್ನು ಆ ವರ್ಷ ಆದಷ್ಟು ತಳ್ಳಿದೆ. ಕೊನೆಗೆ ಮಾಡಲೇಬೇಕಾಯಿತು. ಕಲ್ಲು, ಮರ, ದನ, ಮಂಜು ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಹಿಂದಿನಿಂದ ದನಿ ಬಂತು.

“ಸಾರ್, ನಂಗೆ ಬಂದಿತ್ತಲ್ಲ, ಅದ್ಕೆ ಜೀವ ಅದಾ, ಇಲ್ವಾ?”

ತಿರುಗಿದೆ. ಗುಳಿಬಿದ್ದ ಆ ಮುಖ, ಉಳಿದ ಆ ಒಂದು ಕಣ್ಣು ನನ್ನನ್ನೇ ನೋಡುತ್ತಿದ್ದವು.

“ನನಗೆ ಗೊತ್ತಿಲ್ಲ ಮಗೂ” ಎಂದೆ.

ಬೊಳ್ಳಪ್ಪನವರ ಜಗಲಿಯಲ್ಲಿ ಕಾಫಿ ಕುಡಿಯುತ್ತ ನಾನು ಹೇಳಬೇಕಾಗಿದ್ದದ್ದು ಅಷ್ಟೇ ಆಗಿತ್ತು.