ಒಂದು ದಿನದ ಟವರ್

ಹೋದ ವಾರ ನಮ್ಮ ನೀಲವ್ವತ್ತೆಯ ಹೆಸರು ರೇಷನ್ ಕಾರ್ಡಿನಿಂದ ಹಾರಿಹೋಯಿತು. ಅತ್ತೆ ಸತ್ತಿಲ್ಲ. ಮನೆಯ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಾಳೆ. ಆದರೆ ಸರ್ಕಾರದ ಕಂಪ್ಯೂಟರಿಗೆ ಆಕೆಯ ಹೆಬ್ಬೆಟ್ಟು ತಲುಪಿಲ್ಲ. ಹೆಬ್ಬೆಟ್ಟು ತಲುಪದವರು ಇದ್ದೂ ಇಲ್ಲದವರು.

ಯಾಕೆ ತಲುಪಲಿಲ್ಲ? ಅದನ್ನು ಹೇಳಬೇಕೆಂದರೆ ದಿಲ್ಲಿಯ ಒಂದು ದೊಡ್ಡ ಕಚೇರಿಯಿಂದ ಶುರು ಮಾಡಬೇಕು.

ದೇಶದ ಫೋನು, ಇಂಟರ್ನೆಟ್ ಕಂಪನಿಗಳಿಗೆಲ್ಲ ಮೂಗುದಾರ ಹಾಕುವ ಕಚೇರಿ ಅದು. ಅದರೊಳಗೆ ವಿದೇಶದ ಕೆಲಸ ನೋಡಿಕೊಳ್ಳುವ ಒಂದು ವಿಭಾಗವಿದೆ. ಜಗತ್ತಿನ ಸಭೆಗಳಲ್ಲಿ ನಮ್ಮ ಪರವಾಗಿ ಕೂರುವುದು, ಬೇರೆ ದೇಶಗಳ ಇಂಥದೇ ಕಚೇರಿಗಳ ಜೊತೆ ಸಹಕಾರದ ಒಪ್ಪಂದ ಮಾಡಿಕೊಳ್ಳುವುದು, ಅಲ್ಲಿಯವರು ಬಂದರೆ ನಮ್ಮ ದೇಶದ ಸಾಧನೆ ತೋರಿಸುವುದು. ಬೇಡ ಅನ್ನಲು ನನಗೇನು ಹುಚ್ಚೇ? ಸಿಗ್ನಲ್ಲಿಗೆ ಗಡಿ ಗೊತ್ತಿಲ್ಲ. ನನಗೆ ಬರುವ ಮೋಸದ ಕರೆಗಳು ಯಾವ್ಯಾವ ದೇಶದಿಂದ ಬರುತ್ತವೋ. ಯಾರಾದರೂ ಹೋಗಿ ಮಾತಾಡಲೇಬೇಕು.

ನನ್ನ ತಕರಾರು ಅವರು ವಿದೇಶಕ್ಕೆ ಹೋಗುವುದರ ಬಗ್ಗೆ ಅಲ್ಲ. ನಮ್ಮ ಅತ್ತೆಯ ಊರಿಗೆ ಬಂದದ್ದರ ಬಗ್ಗೆ.

ಊರು ಮುಂಡರಗಿ, ಶಿರಹಟ್ಟಿಗಳ ನಡುವೆ ಗುಡ್ಡದ ಬುಡದಲ್ಲಿದೆ. (ಹೆಸರು ಬರೆಯುವುದಿಲ್ಲ. ಅದು ಈಗಾಗಲೇ ಸಾಕಷ್ಟು ತಿರುಗಾಡಿ ಬಂದಿದೆ.) ಅಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ನೆತ್ತಿಯ ಮೇಲೆ ಮಾತ್ರ. ಹಾಗಾಗಿ ರೇಷನ್ ಅಂಗಡಿಯ ಶಿವಪ್ಪ ಹೆಬ್ಬೆಟ್ಟಿನ ಮಷೀನನ್ನು ಚೀಲಕ್ಕೆ ಹಾಕಿಕೊಂಡು ಗುಡ್ಡ ಹತ್ತುತ್ತಾನೆ. ಅವನ ಹಿಂದೆ ಊರು ಹತ್ತುತ್ತದೆ. ಮೇಲೆ ಬೆರಳು ಒತ್ತಬೇಕು, ಕೆಳಗಿಳಿದು ಅಕ್ಕಿ ಒಯ್ಯಬೇಕು. ಹೆಬ್ಬೆಟ್ಟಿನ ಗುಡ್ಡ ಎಂದೇ ಅದಕ್ಕೆ ಹೆಸರು ಬಿದ್ದಿದೆ.

ಈಚೆಗೆ ಹೊಸ ಹುಕುಂ ಬಂತು. ಕಾರ್ಡಿನಲ್ಲಿರುವ ಪ್ರತಿಯೊಬ್ಬರೂ ತಿಂಗಳು ಮುಗಿಯುವುದರೊಳಗೆ ಖುದ್ದಾಗಿ ಹೆಬ್ಬೆಟ್ಟು ಕೊಡಬೇಕು, ಇಲ್ಲದಿದ್ದರೆ ಹೆಸರು ಕಟ್. ಅತ್ತೆಯ ಸೊಂಟ ಹೋದ ವರ್ಷ ಮುರಿದಿದೆ. ಮುಂಡರಗಿಯ ತಾಲೂಕು ಕಚೇರಿಯಲ್ಲಿ ವಿಚಾರಿಸಿದರೆ, ನಿಮ್ಮೂರ ಅಂಗಡಿಯಲ್ಲೇ ಕೊಡಿ ಎಂದು ವಾಪಸ್ ಕಳಿಸಿದರು. ಕೊನೆಗೆ ಆಕೆಯ ಮಗ ಬಸವರಾಜ ನಾಲ್ಕು ಮಂದಿಯನ್ನು ಕೂಡಿಸಿ ಅವ್ವನನ್ನು ಹೊರಸಿನ ಮೇಲೆ ಗುಡ್ಡಕ್ಕೆ ಹೊತ್ತೊಯ್ದ. ಅವತ್ತು ಗುಡ್ಡದ ಮೇಲೂ ಸಿಗ್ನಲ್ ಇರಲಿಲ್ಲ.

ಇಳಿಯುವಾಗ ಅತ್ತೆ ಹೇಳಿದಳಂತೆ: "ನನ್ನ ಹೊರೂದು ಇನ್ನ ಒಂದ ಸಲ ಸಾಕಪಾ. ಆವಾಗ ಸಿಗ್ನಲ್ ಬೇಕಾಗಂಗಿಲ್ಲ."

ಅಂಥ ಹೊತ್ತಿನಲ್ಲಿ ಬಸವರಾಜ ಗುಡ್ಡ ಹತ್ತಿ ನನಗೆ ಫೋನ್ ಮಾಡಿದ. ಊರಿಗೆ ಟವರ್ ಬರುತ್ತದಂತೆ! ಅದೂ ಗಾಡಿಯ ಮೇಲೆ. ದಿಲ್ಲಿಯ ಆ ಕಚೇರಿಯವರು ನಾಲ್ಕಾರು ದೇಶಗಳ ಅತಿಥಿಗಳನ್ನು ಕರೆತಂದು ಹಳ್ಳಿಯ ಡಿಜಿಟಲ್ ಬದುಕು ತೋರಿಸಲಿದ್ದರು. (ಈ ಊರೇ ಯಾಕೆ ಅಂತೀರಾ? ಹಿಂದೆ ಗುಡ್ಡ ಇದೆಯಲ್ಲ, ಫೋಟೋ ಚೆಂದ ಬರುತ್ತದೆ.)

ಗದಗಿನಿಂದ ಮೊದಲ ಬಸ್ಸಿಗೇ ಹೋದೆ. ಪತ್ರಿಕೆಯವನೆಂದು ಕೊರಳಿಗೆ ಕಾರ್ಡು ತೂಗುಹಾಕಿದರು. ಶಾಲೆಯ ಬಯಲಿನಲ್ಲಿ ಗಾಡಿ ನಿಂತು ಕಂಬ ಎತ್ತಿದ್ದೇ ತಡ, ಊರಿನ ಫೋನುಗಳೆಲ್ಲ ಒಟ್ಟಿಗೆ ಬಡಕೊಳ್ಳತೊಡಗಿದವು. ಗುಡ್ಡ ಹತ್ತಲಾರದ ಮುದುಕರೊಬ್ಬರಿಗೆ ಲಕ್ಷ್ಮೇಶ್ವರದ ಬೀಗರ ಮನೆಯ ಸೀಮಂತದ ಆಮಂತ್ರಣ ಆಗ ತಲುಪಿತು. ಆ ಮಗು ಈಗ ಓಡಾಡುತ್ತಿದೆ.

ಶಿವಪ್ಪ ಮಷೀನನ್ನು ಹಿಡಿದುಕೊಂಡು ಸೀದಾ ಅತ್ತೆಯ ಕಟ್ಟೆಗೇ ಬಂದ. ಜೀವಮಾನವೆಲ್ಲ ಕಳೆ ಕಿತ್ತು ಸವೆದ ಬೆರಳು ಆಕೆಯದು. ಬಿಸಿನೀರಿನಲ್ಲಿ ನೆನೆಸಿ, ಒರೆಸಿ, ಧೂಳು ತಾಗದಿರಲಿ ಎಂದು ಹೆಬ್ಬೆಟ್ಟನ್ನು ಮೇಲೆತ್ತಿ ಹಿಡಿದು ಕೂತಿದ್ದಳು. ಇನ್ನೇನು ಒತ್ತಬೇಕು, ಒಬ್ಬ ಅಧಿಕಾರಿ ಓಡಿ ಬಂದರು. ಅತಿಥಿಗಳು ಇಲ್ಲಿಂದ ತಮ್ಮ ದೇಶಕ್ಕೆ ವಿಡಿಯೋ ಕಾಲ್ ಮಾಡಿ ತೋರಿಸಲಿದ್ದಾರೆ, ಅದು ಮುಗಿಯುವವರೆಗೆ ಊರಿನಲ್ಲಿ ಯಾರೂ ನೆಟ್ ಬಳಸಬಾರದು, ಮಷೀನೂ ಬಂದ್ ಎಂದರು. ಸಹಕರಿಸಿ ಎಂದು ಕೈ ಬೇರೆ ಮುಗಿದರು.

ನಮ್ಮ ಜನ ಸಹಕರಿಸಿದರು. ಸಹಕರಿಸುವುದೊಂದು ಚೆನ್ನಾಗಿ ಬರುತ್ತದೆ ನಮಗೆ.

ಅತಿಥಿಗಳು ಬಂದರು, ಹಾರ ಬಿದ್ದವು, ಭಾಷಣಗಳಾದವು. ಅವರಲ್ಲೊಬ್ಬ ಹೆಣ್ಣುಮಗಳು ಗುಡ್ಡದ ಕಡೆ ಕೈ ತೋರಿಸಿ, ಅಷ್ಟು ಸವೆದ ದಾರಿ ಯಾಕೆ ಎಂದು ಕೇಳಿದಳು. ಮೇಲೊಂದು ಗುಡಿ ಇದೆ, ಇವರು ತುಂಬಾ ದೈವಭಕ್ತರು ಎಂದರು ಅಧಿಕಾರಿ. ಗುಡಿಯೂ ಇಲ್ಲ, ಗಂಟೆಯೂ ಇಲ್ಲ. ವಿಡಿಯೋ ಕಾಲ್ ಮಾತ್ರ ಕನ್ನಡಿಯಂತೆ ಬಂತು. ಕ್ಯಾಮೆರಾದವನು ಓಣಿಯಲ್ಲೆಲ್ಲ ಅಡ್ಡಾಡಿ ಫೋಟೋ ಹೊಡೆದ. ಆಮೇಲೆ ಕಾರುಗಳು ಹೊರಟವು. ಅವುಗಳ ಧೂಳು ಅಡಗುವ ಮೊದಲೇ ಗಾಡಿಯವನು ಕಂಬ ಮಡಚತೊಡಗಿದ.

ಬಸವರಾಜ ಓಡಿದ. "ಸಾಹೇಬ್ರ, ಐದ ಮಿನಿಟ್ ನಿಂದರ್ರಿ. ನಮ್ಮವ್ವಂದ ಒಂದ ಹೆಬ್ಬೆಟ್ಟು ಐತ್ರಿ."

ಸಂಜೆಯೊಳಗೆ ಗಾಡಿ ಹುಬ್ಬಳ್ಳಿ ಮುಟ್ಟಬೇಕು, ಆರ್ಡರ್ ಇದೆ ಎಂದ ಗಾಡಿಯವನು. ಇತ್ತ ಅತ್ತೆ ಬೆರಳು ಒತ್ತಿದಳು. ಮಷೀನಿನಲ್ಲಿ ಚಕ್ರ ತಿರುಗಿತು, ತಿರುಗಿತು, ಗಾಡಿ ಬೇವಿನ ಮರದ ತಿರುವು ದಾಟುವವರೆಗೂ ತಿರುಗಿತು. ಆಮೇಲೆ ಅಕ್ಷರ ಮೂಡಿದವು: ಮತ್ತೊಮ್ಮೆ ಪ್ರಯತ್ನಿಸಿ.

ತಿಂಗಳು ಮುಗಿಯಿತು. ಹೆಸರು ಹೋಯಿತು.

ಅದೇ ವಾರ ಪತ್ರಿಕೆಯಲ್ಲೊಂದು ಸುದ್ದಿ. ವಿದೇಶದ ಯಾವುದೋ ದೊಡ್ಡ ಸಭೆಯಲ್ಲಿ ನಮ್ಮವರು ಈ ಊರಿನ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಾರೆ. ನಮ್ಮಿಂದ ಕಲಿಯಲು ಮತ್ತೊಂದು ದೇಶ ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿದೆ. ಏನು ಕಲಿಯುತ್ತಾರೋ! ಜೊತೆಗೆ ಸಭೆಯ ದೊಡ್ಡ ಪರದೆಯ ಚಿತ್ರ. ಪರದೆಯ ತುಂಬ ನೀಲವ್ವತ್ತೆ. ಕಟ್ಟೆಯ ಮೇಲೆ ಕೂತು ಹೆಬ್ಬೆಟ್ಟು ಎತ್ತಿ ಹಿಡಿದಿದ್ದಾಳೆ. ಕೆಳಗೆ ಬರೆದಿತ್ತು: ಹಳ್ಳಿಗೆ ಬಂದ ನೆಟ್‌ವರ್ಕ್‌ಗೆ ಅಜ್ಜಿಯ ಸಂತಸದ ಮೆಚ್ಚುಗೆ.

ಭಾನುವಾರ ಆ ಪತ್ರಿಕೆಯನ್ನು ಒಯ್ದು ಅತ್ತೆಗೆ ತೋರಿಸಿದೆ, ಬರೆದದ್ದನ್ನು ಓದಿ ಹೇಳಿದೆ. ಆಕೆ ತನ್ನ ಚಿತ್ರವನ್ನು ನೋಡಿದಳು. ಶೇಂಗಾದ ಸಿಪ್ಪೆ ಕೊಡವಿ ಕೇಳಿದಳು:

"ನನ್ನ ಹೆಬ್ಬೆಟ್ಟು ಪರದೇಶಕ್ಕ ಮುಟ್ಟೇತಿ ಅಂದಂಗಾತು. ಮುಂಡರಗಿಗೆ ಯಾವಾಗ ಮುಟ್ಟತೈತಪಾ?"