ಡ್ರಿಲ್ ಮಿಸ್ ಕಟ್ಟಿದ ಟೀಮು

ಹೋದ ವಾರ ಶಿವಾಜಿನಗರದಲ್ಲಿ ಹರಿದ ಬ್ಯಾಗು ಹೊಲಿಸಲು ನಿಂತಿದ್ದೆ. ಪಕ್ಕದ ಅಂಗಡಿಯಲ್ಲಿ ಒಬ್ಬಾತ ಹೊಸ ತೊಗಲಿಗೆ ಹರಳೆಣ್ಣೆ ಹಚ್ಚಿ ತಿಕ್ಕುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಲಸೂರಿನ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಡ್ರಿಲ್ ಮಿಸ್ ಕಣ್ಣೆದುರು ಬಂದು ನಿಂತರು. ಸೊಂಟಕ್ಕೆ ಬಿಗಿದ ಸೆರಗು, ಕಾಲಿಗೆ ಬಿಳಿ ಕ್ಯಾನ್ವಾಸ್ ಷೂ, ಕೊರಳಲ್ಲಿ ಸೀಟಿ…

ಎಪ್ಪತ್ತರ ದಶಕದ ಮೊದಲ ವರ್ಷಗಳು. ಸಾಫ್ಟ್‌ಬಾಲ್ ಎಂದರೆ ಏನೆಂದು ನಮಗಾರಿಗೂ ಗೊತ್ತಿರಲಿಲ್ಲ. ಬೇಸ್‌ಬಾಲಿನ ತಂಗಿಯಂಥ ಆಟ ಅದು. ಬ್ಯಾಟು ಹಿಡಿದವಳು ಚೆಂಡು ಹೊಡೆದು ಓಡಬೇಕು. ನಾಲ್ಕು ಮೂಲೆ ಸುತ್ತಿ ಹೊರಟ ಜಾಗಕ್ಕೇ ಬಂದು ಮುಟ್ಟಿದರೆ ಒಂದು ರನ್. ಮಿಸ್ ಯಾವುದೋ ಕ್ಯಾಂಪಿಗೆ ಹೋಗಿ ಕಲಿತು ಬಂದಿದ್ದರು. ಗ್ಲೌಸುಗಳನ್ನು ಶಿವಾಜಿನಗರದಲ್ಲೇ ಹೊಲಿಸಿದ್ದರು. ತೊಗಲು ಮೆತ್ತಗಾಗಲೆಂದು ಸಂಜೆ ಸಂಜೆ ನಮ್ಮ ಕೈಯಲ್ಲಿ ಹರಳೆಣ್ಣೆ ತಿಕ್ಕಿಸುತ್ತಿದ್ದರು.

ಮೊದಲ ಪಂದ್ಯ ಕಂಟೋನ್ಮೆಂಟಿನ ಕಡೆಯ ಒಂದು ಕಾನ್ವೆಂಟಿನ ಮೇಲೆ. ಬ್ಯಾಟಿನವಳ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವ ಕೆಲಸ ನನ್ನದು. ಪ್ರತಿ ಸಲವೂ ಕಣ್ಣು ಮುಚ್ಚಿಕೊಂಡೆ. ಬಾಣಸವಾಡಿಯಿಂದ ಬರುತ್ತಿದ್ದ ಪಿಳ್ಳಮ್ಮನ ತೋಳಿನಲ್ಲಿ ಹುಣಸೆಕಾಯಿ ಉದುರಿಸಿ ಬಂದ ಬಲವಿತ್ತು, ಗುರಿ ಇರಲಿಲ್ಲ. ಅವಳು ಎಸೆದ ಚೆಂಡು ಕಾಂಪೌಂಡು ಹಾರಿ ರಸ್ತೆಗೆ ಬಿತ್ತು. ರನ್ನುಗಳ ಅಂತರ ತೀರಾ ಹೆಚ್ಚಾಗಿ ಪಂದ್ಯವನ್ನು ಅರ್ಧಕ್ಕೇ ನಿಲ್ಲಿಸಿದರು. ನೋಡಲು ಕೂತಿದ್ದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ವಾಪಸು ನಡೆದು ಬರುವಾಗ ನಮ್ಮಲ್ಲಿ ಹಲವರು ಅಳುತ್ತಿದ್ದೆವು. ಶಾಲೆಯ ಗೇಟಿನ ಹತ್ತಿರ ಮಿಸ್ ನಿಂತರು.

"ಅಳೋದೆಲ್ಲ ಇವತ್ತೇ ಮುಗಿಸ್ಕೊಳ್ರಮ್ಮ. ನಾಳೆ ಬೆಳಿಗ್ಗೆ ಆರಕ್ಕೆ ಗ್ರೌಂಡಿಗೆ ಬನ್ನಿ. ಅಲ್ಲಿ ಅಳಕ್ಕೆ ಟೈಮಿರಲ್ಲ."

ನಿಜಕ್ಕೂ ಇರಲಿಲ್ಲ. ನನ್ನನ್ನು ಗೋಡೆಗೆ ಬೆನ್ನು ಮಾಡಿ ಕೂರಿಸಿ ತಾವೇ ಚೆಂಡು ಎಸೆಯುತ್ತಿದ್ದರು. "ಹಿಡೀಲೇಬೇಕು ಅಂತಿಲ್ಲ. ಬಾಲ್ ಮೇಲಿನ ಹೊಲಿಗೆ ಕಾಣಿಸ್ತಾ ಹೇಳು, ಸಾಕು." ಬಹಳ ದಿನ ಕಾಣಿಸಲಿಲ್ಲ. ಎದೆಗೆ, ಮೊಣಕೈಗೆ ಬಡಿಸಿಕೊಂಡೆ. ಶ್ರಾವಣ ಕಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ ಆ ಕೆಂಪು ಹೊಲಿಗೆ ತಿರುಗುತ್ತ ಬಂದದ್ದು ಸ್ಪಷ್ಟವಾಗಿ ಕಂಡಿತು. ಚೆಂಡು ತಾನಾಗಿ ಗ್ಲೌಸಿನೊಳಗೆ ಕೂತಿತ್ತು. ಪಿಳ್ಳಮ್ಮನಿಗೆ ದೂರದಲ್ಲಿ ಒಂದು ಬಕೆಟ್ ಇಟ್ಟು ಎಸೆಯಲು ಹೇಳಿದರು. ಅವಳು ಅದನ್ನು ಉರುಳಿಸಲು ಕಲಿತ ಮೇಲೆ ನಾವು ಒಂದೊಂದೇ ಪಂದ್ಯ ಗೆಲ್ಲತೊಡಗಿದೆವು. ಮೊದಲು ಗೆದ್ದದ್ದು ನಮ್ಮಷ್ಟೇ ಕಚ್ಚಾ ಇದ್ದ ಶಾಲೆಯ ಮೇಲೆ. ಆದರೂ ಗೆಲುವು ಗೆಲುವೇ.

ದೀಪಾವಳಿ ಕಳೆದ ಮೇಲೆ ಪಿಳ್ಳಮ್ಮ ಬರುವುದನ್ನು ನಿಲ್ಲಿಸಿದಳು. ಚೆಂಡು ತಗುಲಿ ಅವಳ ತುಟಿ ಊದಿತ್ತು, ಮನೆಯಲ್ಲಿ ರಂಪವಾಗಿತ್ತು. ಮನೆ ತೋರಿಸಲು ಮಿಸ್ ಜೊತೆ ನಾನೂ ಹೋದೆ. ಅವಳ ಅಪ್ಪ ಅಂಗಳದಲ್ಲಿ ಕೂತು ಮಾರ್ಕೆಟ್ಟಿಗೆ ಸೊಪ್ಪಿನ ಕಂತೆ ಕಟ್ಟುತ್ತಿದ್ದರು.

"ಗಂಡಿನ ಕಡೆಯೋರು ನೋಡಕ್ಕೆ ಬರೋ ವಯಸ್ಸು, ಟೀಚರಮ್ಮ. ಮೂತಿ ಒಡ್ಕೊಂಡ್ರೆ ಯಾರ್ ಮಾಡ್ಕೊಂತಾರೆ?"

ಮಿಸ್ ಅಲ್ಲೇ ಜಗುಲಿಯ ಮೇಲೆ ಕೂತರು. "ನಾನು ಹಾಕಿ ಆಡ್ತಿದ್ದೆ. ನಮ್ಮಪ್ಪಾನೂ ಇದೇ ಮಾತು ಅಂದ್ರು. ಬಿಟ್ಬಿಟ್ಟೆ. ಮದ್ವೆನೂ ಆಗ್ಲಿಲ್ಲ, ಆಟಾನೂ ಹೋಯ್ತು."

ಅವರು ಅಷ್ಟೇ ಹೇಳಿದ್ದು. ದನಿಯಲ್ಲಿ ದೂರು ಇರಲಿಲ್ಲ. ಪಿಳ್ಳಮ್ಮನ ಅಪ್ಪ ಇನ್ನೆರಡು ಕಂತೆ ಕಟ್ಟಿದರು. ಆಮೇಲೆ ತಲೆ ಎತ್ತದೆ ಅಂದರು, "ಸಂಕ್ರಾಂತಿ ತಂಕ ಆಡ್ಲಿ. ಆಮ್ಯಾಕೆ ಕೇಳ್ಬ್ಯಾಡಿ."

ಕೊನೆಯ ಪಂದ್ಯ ಹಬ್ಬಕ್ಕೆ ಸ್ವಲ್ಪ ಮುಂಚೆ, ಅದೇ ಕಾನ್ವೆಂಟಿನ ಮೇಲೆ. ಈ ಸಲ ಯಾರೂ ನಗಲಿಲ್ಲ. ಕೊನೆಯ ಸುತ್ತಿನಲ್ಲಿ ಅವರು ಒಂದು ರನ್ ಮುಂದಿದ್ದರು. ಅವರಲ್ಲೇ ಇನ್ನೊಬ್ಬಳು ನನ್ನ ಕಡೆಗೆ ಓಡಿ ಬರುತ್ತಿದ್ದಳು. ಪಿಳ್ಳಮ್ಮ ಬೇಲಿಯ ಹತ್ತಿರದಿಂದ ಎಸೆದಳು. ಚೆಂಡು ನೆಟ್ಟಗೆ ಬಂತು. ಕಣ್ಣು ಬಿಟ್ಟುಕೊಂಡೇ ಹಿಡಿದೆ, ಓಡಿ ಬಂದವಳ ಭುಜಕ್ಕೆ ಮುಟ್ಟಿಸಿದೆ. ಔಟ್! ಆಮೇಲೆ ನಮ್ಮ ಸರದಿ… ಕೊನೆಯ ಹೊಡೆತ ಎತ್ತರಕ್ಕೆ ಹೋಗಿ ಅವರ ಕೈಗೇ ಬಿತ್ತು. ಒಂದೇ ರನ್ನಿನಿಂದ ಸೋತೆವು.

ಮಿಸ್ ನಮಗೆ ಬೆನ್ನು ಹಾಕಿ ಸೆರಗಿನಿಂದ ಮುಖ ಒರೆಸಿಕೊಂಡರು. ಅಷ್ಟರಲ್ಲಿ ಬೇಲಿಯ ಆಚೆ ಸೈಕಲ್ ಹಿಡಿದು ನಿಂತಿದ್ದ ಪಿಳ್ಳಮ್ಮನ ಅಪ್ಪ ಹತ್ತಿರ ಬಂದರು. ಅವರು ಬಂದಿರುವುದು ನಮಗಾರಿಗೂ ತಿಳಿದಿರಲಿಲ್ಲ.

"ಇನ್ನೊಂದ್ ದಪ ಆಟ ಇದೆಯಾ, ಟೀಚರಮ್ಮ?"

"ಮುಂದಿನ ವರ್ಷ ಇದೆ."

"ಹಂಗಾರೆ ಬತ್ತಾಳೆ ಬಿಡಿ. ಒಂದ್ರಲ್ಲಿ ಸೋತು ಸುಮ್ನೆ ಕೂತ್ಕೊಳಕ್ಕಾಯ್ತದಾ?"

ಪಿಳ್ಳಮ್ಮ ಮುಂದಿನ ವರ್ಷವೂ ಆಡಿದಳು, ಅದರ ಮುಂದಿನ ವರ್ಷವೂ. ಆಟದ ಬಲದ ಮೇಲೆಯೇ ಅವಳಿಗೆ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಮದುವೆಯೂ ಆಯಿತು, ನಿಧಾನವಾಗಿ.

ಮಿಸ್ ಕಳೆದ ವರ್ಷ ಲಿಂಗರಾಜಪುರದಲ್ಲಿ, ತಮ್ಮನ ಮಗನ ಮನೆಯಲ್ಲಿ ತೀರಿಕೊಂಡರು. ಸುದ್ದಿ ತಿಳಿದು ನಾವು ಕೆಲವರು ಹೋದೆವು. ಬಾಗಿಲಲ್ಲಿ ಆತ ಕೇಳಿದ, "ನೀವೆಲ್ಲ ಅತ್ತೆ ಸ್ಟೂಡೆಂಟ್ಸಾ?"

ಪಿಳ್ಳಮ್ಮ ಅಡ್ಡಡ್ಡ ತಲೆಯಾಡಿಸಿದಳು. "ಅಲ್ಲಪ್ಪ, ನಾವು ಅವ್ರ ಟೀಮು" ಅಂದಳು.

ಆ ಟೀಮಿನಲ್ಲೂ ಈಗ ಎಲ್ಲರೂ ಇಲ್ಲ. ನನಗೆ ಮಂಡಿ ಮಡಚಲಾಗುವುದಿಲ್ಲ. ನೆಲದ ಮೇಲೆ ಕೂತರೆ ಏಳಲು ಗೋಡೆ ಬೇಕು. ಹಾಗೆ ಗೋಡೆ ಹಿಡಿದು ಏಳುವಾಗಲೆಲ್ಲ, ಪಕ್ಕದಲ್ಲಿ ನಿಂತು ಗದರಿಸಲು ಮಿಸ್ ಇದ್ದಿದ್ದರೆ ಈ ಗೋಡೆಯೂ ಬೇಕಾಗುತ್ತಿರಲಿಲ್ಲವೇನೋ ಅನ್ನಿಸುತ್ತದೆ…